ಬೇಡ ಎನ್ನುವವರು ಬೇಕಾಗಿದ್ದಾರೆ

ಕುಂದಾಪುರದ ಕಡೆ ಪುಸ್ತಕ ತರುವುದು ಅಂಥ ಕಷ್ಟದ ಕೆಲಸವಲ್ಲ. ಕೈಬರಹವನ್ನು ಟೈಪ್ ಮಾಡಿಕೊಡುವ ಡಿಟಿಪಿಯವರು ಪೇಟೆಯಲ್ಲೇ ಇದ್ದಾರೆ. ಮುಖಪುಟಕ್ಕೆ ಮರವಂತೆ ಕಡಲಿನ ಫೋಟೋ ಹೇಗೂ ಇದೆ. ಖರ್ಚಿಗೆ ಮುಂಬೈಯಲ್ಲಿ ಹೋಟೆಲ್ ಇಟ್ಟ ಭಾವನೋ ಬೆಂಗಳೂರಿನಲ್ಲಿ ಬೇಕರಿ ಇಟ್ಟ ಹಳೇ ಶಿಷ್ಯನೋ ಒದಗುತ್ತಾರೆ. ಮುನ್ನುಡಿಗೆ ಒಬ್ಬರು, ಬೆನ್ನುಡಿಗೆ ಇನ್ನೊಬ್ಬರು. ಬಿಡುಗಡೆಯ ದಿನ ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಪುಸ್ತಕವನ್ನು ಬಿಚ್ಚಲಾರದೆ ಗಣ್ಯರು ಉಗುರಿನಲ್ಲಿ ಒದ್ದಾಡುತ್ತಾರೆ, ಯಾರೋ ಕತ್ತರಿ ತರುತ್ತಾರೆ, ಫೋಟೋ ತೆಗೆಯುವವನು ‘ಸ್ವಲ್ಪ ಮೇಲೆ ಹಿಡೀನಿ’ ಎನ್ನುತ್ತಾನೆ. ಮುಖ್ಯ ಅತಿಥಿಗಳು ‘ಪುಸ್ತಕ ನಿನ್ನೆ ರಾತ್ರಿಯಷ್ಟೇ ಕೈಸೇರಿತು, ಹಾಳೆ ತಿರುವಿದೆ’ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು ಮುಕ್ಕಾಲು ಗಂಟೆ ಮಾತಾಡುತ್ತಾರೆ. ಇಷ್ಟೆಲ್ಲ ನಡೆಯುವಾಗ ಒಬ್ಬನೇ ಒಬ್ಬ ಮನುಷ್ಯ ‘ಇದು ಬೇಡ’ ಎಂದಿರುವುದಿಲ್ಲ. ಹಾಗೆನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಊಟಕ್ಕೆ ಕರೆದ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿ ಎಂದು ಹೇಳಿದ ಹಾಗೆ.

ಹಾಗಾಗಿ ನಮ್ಮ ನೆರೆಮನೆಯ ಮಾಸ್ತರ್ರು ತಮ್ಮ ಪುಸ್ತಕವನ್ನು ವಿಶ್ವವಿದ್ಯಾನಿಲಯವೇ ಪ್ರಕಟಿಸಬೇಕು ಎಂದು ಹಟ ಹಿಡಿದಾಗ ನನಗೆ ಆಶ್ಚರ್ಯವಾಯಿತು. ಬೈಂದೂರು ಕಡೆಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರು ಬರೆದದ್ದು ಕಡವುಗಳ ಬಗ್ಗೆ. ಸೇತುವೆಗಳು ಬರುವ ಮೊದಲು ಈ ಕರಾವಳಿಯಲ್ಲಿ ನಾಲ್ಕು ಮೈಲಿ ನಡೆದರೆ ಒಂದು ಹೊಳೆ, ಹೊಳೆಗೊಂದು ಕಡವು, ಕಡವಿಗೊಬ್ಬ ದೋಣಿಯವ. ಸೌಪರ್ಣಿಕಾ, ಚಕ್ರ, ವಾರಾಹಿ, ಈಚೆ ಬಂದರೆ ಸೀತೆ, ಸುವರ್ಣೆ. ಯಾವ ಕಡವಿನಲ್ಲಿ ಯಾರು ದೋಣಿ ಹಾಕುತ್ತಿದ್ದರು, ದಿಬ್ಬಣ ಬಂದರೆ ಎಷ್ಟು, ಹೆಣ ಬಂದರೆ ಎಷ್ಟು, ಆಟದ ಮೇಳದವರು ಪೆಟ್ಟಿಗೆ ಸಮೇತ ಬಂದರೆ ದುಡ್ಡೋ ಅಕ್ಕಿಯೋ ಎಂಬುದನ್ನೆಲ್ಲ ಅವರು ವರ್ಷಗಟ್ಟಲೆ ಕೇಳಿ ಕೇಳಿ ಬರೆದುಕೊಂಡಿದ್ದರು. ನಡುವೆ ಒಂದು ಅಧ್ಯಾಯದ ತುಂಬ ತಮ್ಮ ಸ್ವಂತ ಮದುವೆಯ ದಿಬ್ಬಣ ಹೊಳೆ ದಾಟಿದ ಕಥೆಯೂ ಇತ್ತು.

‘ಹ್ವಾಯ್, ಇದನ್ನ್ ಯೂನಿವರ್ಸಿಟಿಗ್ ಕಳ್ಸ್ಕ್ ಅಂದೇಳಿ ಇದ್ದೆ. ಅವ್ರ್ ಎಂತ ಕಂಡ್ ಆರಿಸ್ತ್ರ್?’ ಎಂದರು.

ಒಳ್ಳೆಯ ಪ್ರಶ್ನೆ. ಕಾಲೇಜಿನಲ್ಲಿ ಪಾಠ ಹೇಳಿದವನಾದ್ದರಿಂದ ನನಗೆ ಗೊತ್ತಿರಬೇಕು ಎಂದು ಅವರ ಲೆಕ್ಕ. ಅಲ್ಪಸ್ವಲ್ಪ ಗೊತ್ತಿತ್ತು ಕೂಡ. ಅಪರೂಪಕ್ಕೊಮ್ಮೆ ಯಾರದೋ ಹಸ್ತಪ್ರತಿ ‘ಗೋಪ್ಯ’ ಎಂಬ ಮೊಹರಿನೊಂದಿಗೆ ಅಭಿಪ್ರಾಯಕ್ಕಾಗಿ ನನ್ನ ಮನೆಗೂ ಬರುತ್ತದೆ. ಗೋಪ್ಯ ಎಂದರೆ ಪೋಸ್ಟ್‌ಮ್ಯಾನ್‌ಗೆ ಮತ್ತು ಅವನು ಚಹಾ ಕುಡಿಯುವ ಅಂಗಡಿಯವರಿಗೆ ಮಾತ್ರ ಗೊತ್ತಿರುವ ಸಂಗತಿ.

ಕನ್ನಡ ನಾಡಿನ ವಿಶ್ವವಿದ್ಯಾನಿಲಯಗಳಲ್ಲಿ ಈ ಕೆಲಸ ಮಾಡುವ ವಿಭಾಗಕ್ಕೆ ಪ್ರಸಾರಾಂಗ ಎಂದು ಹೆಸರು. ಮೈಸೂರಿನದು ಹಿರಿಯದು. 1930ರ ದಶಕದಲ್ಲಿ ಅಲ್ಲಿನ ಅಧ್ಯಾಪಕರು ಹಳ್ಳಿ ಪಟ್ಟಣಗಳಿಗೆ ಹೋಗಿ ಜನರಿಗೆ ತಿಳಿಯುವಂತೆ ಉಪನ್ಯಾಸ ಕೊಡುತ್ತಿದ್ದರು. ಆ ಉಪನ್ಯಾಸಗಳೇ ಆಮೇಲೆ ಕಿಸೆಯಲ್ಲಿಡುವಷ್ಟು ಚಿಕ್ಕ ಪುಸ್ತಕಗಳಾದವು. ಅಂದರೆ ಆ ಪುಸ್ತಕಗಳಿಗೆ ಮೊದಲ ಪರೀಕ್ಷಕರು ಊರಿನ ಚಾವಡಿಯಲ್ಲಿ ಕೂತ ರೈತರು. ಅವರು ಆಕಳಿಸಿದರೋ ಇಲ್ಲವೋ ಎಂಬುದು ಲೇಖಕನಿಗೆ ಅಲ್ಲೇ ಗೊತ್ತಾಗುತ್ತಿತ್ತು. ಇದಕ್ಕಿಂತ ಒಳ್ಳೆಯ ಪದ್ಧತಿ ಆಮೇಲೆ ಬಂದಿಲ್ಲ ಎಂದು ನನ್ನ ಅಭಿಪ್ರಾಯ. ಧಾರವಾಡದಲ್ಲಿ, ಹಂಪಿಯಲ್ಲಿ, ನಮ್ಮ ಮಂಗಳಗಂಗೋತ್ರಿಯಲ್ಲಿ ಪ್ರಸಾರಾಂಗಗಳಿವೆ. ಮಣಿಪಾಲದಲ್ಲೂ ವಿಶ್ವವಿದ್ಯಾಲಯದ ಪ್ರಕಾಶನವಿದೆ, ಬ್ರಹ್ಮಾವರದಿಂದ ಬಸ್ಸು ಹತ್ತಿದರೆ ಒಂದು ನಿದ್ದೆಗೂ ಹೊತ್ತಾಗದಷ್ಟು ಹತ್ತಿರ.

ಎಲ್ಲ ಕಡೆಯೂ ದಾರಿ ಹೆಚ್ಚುಕಡಿಮೆ ಒಂದೇ. ಹಸ್ತಪ್ರತಿ ಹೋಗುತ್ತದೆ. ಮೊದಲ ಪ್ರಶ್ನೆ ಪುಸ್ತಕ ಚೆನ್ನಾಗಿದೆಯೇ ಎಂಬುದಲ್ಲ. ಇದು ನಾವು ಮಾಡುವ ಬಗೆಯ ಪುಸ್ತಕವೇ ಎಂಬುದು. ಶಾಸನ, ಜಾನಪದ, ಚರಿತ್ರೆ ಪ್ರಕಟಿಸುವಲ್ಲಿಗೆ ಹನಿಗವನ ಕಳಿಸಿದರೆ ಅದು ಎಷ್ಟೇ ಸೊಗಸಾಗಿದ್ದರೂ ಬಂದ ದಾರಿಗೇ ವಾಪಸು. ಆ ಬಾಗಿಲು ದಾಟಿದರೆ ವಿಷಯ ಬಲ್ಲ ಒಬ್ಬಿಬ್ಬರಿಗೆ ಓದಲು ಕಳಿಸುತ್ತಾರೆ. ಅವರು ನಮೂನೆಯೊಂದನ್ನು ತುಂಬಬೇಕು: ಹೊಸ ವಿಷಯ ಏನಿದೆ, ಆಧಾರ ಸರಿಯಿದೆಯೇ, ಈಗಾಗಲೇ ಬಂದ ಪುಸ್ತಕಗಳನ್ನು ಲೇಖಕರು ನೋಡಿದ್ದಾರೆಯೇ, ಭಾಷೆ ಹೇಗಿದೆ. ಕೊನೆಯಲ್ಲಿ ಮೂರು ಚೌಕ. ಪ್ರಕಟಿಸಬಹುದು, ತಿದ್ದಿದ ಮೇಲೆ ಪ್ರಕಟಿಸಬಹುದು, ಪ್ರಕಟಣೆಗೆ ಅರ್ಹವಲ್ಲ. ನಮ್ಮ ಜನ ಸಾಮಾನ್ಯವಾಗಿ ನಡುವಿನ ಚೌಕಕ್ಕೆ ಗುರುತು ಹಾಕುತ್ತಾರೆ. ಅದರಿಂದ ಯಾರಿಗೂ ಬೇಸರವಿಲ್ಲ, ಓದಿಯೇ ಇಲ್ಲ ಎಂದು ಹೇಳುವ ಹಾಗೂ ಇಲ್ಲ. ಅಭಿಪ್ರಾಯ ಬಂದ ಮೇಲೆ ಸಮಿತಿ ಕೂರುತ್ತದೆ. ಸಮಿತಿ ಒಪ್ಪಿದರೆ ಹಣಕಾಸಿನ ಅಧಿಕಾರಿ ಉಳಿಯುತ್ತಾರೆ. ಅವರಿಗೆ ಕಡವೂ ಒಂದೇ, ಕದಂಬರೂ ಒಂದೇ. ಎಷ್ಟು ಫಾರ್ಮು, ಎಷ್ಟು ಪ್ರತಿ ಎಂಬುದಷ್ಟೇ ಬೇಕು.

‘ಇಷ್ಟಕ್ಕೆಲ್ಲ ಎಷ್ಟ್ ದಿನ ಹಿಡಿತ್?’ ಎಂದರು ಮಾಸ್ತರ್ರು.

ಸಮಾಧಾನಕ್ಕೆಂದು ಕೇಂಬ್ರಿಡ್ಜಿನ ಕಥೆ ಹೇಳಿದೆ. ಎಂಟನೆಯ ಹೆನ್ರಿ ದೊರೆ ಆ ವಿಶ್ವವಿದ್ಯಾಲಯಕ್ಕೆ ಪುಸ್ತಕ ಅಚ್ಚುಹಾಕುವ ಅಪ್ಪಣೆ ಕೊಟ್ಟದ್ದು 1534ರಲ್ಲಿ. ಅಪ್ಪಣೆಯ ಬಲದ ಮೇಲೆ ಅವರ ಮೊದಲ ಪುಸ್ತಕ ಹೊರಬಂದದ್ದು 1584ರಲ್ಲಿ. ನಡುವೆ ಐವತ್ತು ವರ್ಷ. ಆಕ್ಸ್‌ಫರ್ಡಿನವರು 1879ರಲ್ಲಿ ಇಂಗ್ಲಿಷ್ ನಿಘಂಟಿಗೆ ಜೇಮ್ಸ್ ಮರ್ರೆಯವರೊಡನೆ ಕರಾರು ಮಾಡಿಕೊಂಡಾಗ ಹತ್ತು ವರ್ಷದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದರು. ಐದು ವರ್ಷ ಕಳೆದಾಗ ‘ಇರುವೆ’ ಎಂಬರ್ಥದ ‘ಆ್ಯಂಟ್’ ಪದಕ್ಕೆ ಬಂದು ಮುಟ್ಟಿದ್ದರು. ಮುಗಿದದ್ದು 1928ರಲ್ಲಿ. ಮರ್ರೆ ಅಷ್ಟರೊಳಗೆ ತೀರಿಕೊಂಡಿದ್ದರು. ಆಕ್ಸ್‌ಫರ್ಡಿನಲ್ಲಿ ಇಂದಿಗೂ ‘ಡೆಲಿಗೇಟ್’ಗಳೆಂಬ ಪ್ರಾಧ್ಯಾಪಕರ ಮಂಡಳಿ ಇದೆ, ಪ್ರಕಟಣೆಯ ಪ್ರಸ್ತಾಪಗಳು ಅವರ ಒಪ್ಪಿಗೆಗೆ ಬರಬೇಕು. ಇದನ್ನೆಲ್ಲ ಕೇಳಿ ಮಾಸ್ತರ್ರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಮನುಷ್ಯರಿಗೆ ಎಪ್ಪತ್ತು ದಾಟಿದೆ.

ಓದಿ ಅಭಿಪ್ರಾಯ ಕೊಡುವವರ ಹೆಸರನ್ನು ಲೇಖಕರಿಗೆ ತಿಳಿಸುವುದಿಲ್ಲ. ಹಲವು ಕಡೆ ಲೇಖಕರ ಹೆಸರನ್ನು ಅವರಿಗೂ ತಿಳಿಸುವುದಿಲ್ಲ. ದೊಡ್ಡ ದೇಶದಲ್ಲಿ ಇದು ನಡೆದೀತು. ಬಡಗುತಿಟ್ಟಿನ ಮದ್ದಲೆಯ ಬಗ್ಗೆ ಒಂದು ಪುಸ್ತಕ ಬರೆದರೆ ಅದನ್ನು ಓದಿ ಹೇಳಬಲ್ಲವರು ಬೆರಳೆಣಿಕೆಯ ಜನ, ಅವರಲ್ಲಿ ಇಬ್ಬರಿಗೆ ಪರಸ್ಪರ ಮಾತಿಲ್ಲ. ಎರಡನೆಯ ಪುಟದ ಹೊತ್ತಿಗೆ ಓದುವವರಿಗೆ ಲೇಖಕ ಯಾರೆಂದು ಗೊತ್ತಾಗುತ್ತದೆ. ‘ಈ ವಿಷಯದಲ್ಲಿ ಈಗಾಗಲೇ ಬಂದಿರುವ ಮಹತ್ವದ ಕೃತಿಯೊಂದನ್ನು ಲೇಖಕರು ಗಮನಿಸಿಲ್ಲ’ ಎಂಬ ಸಾಲು ವರದಿಯಲ್ಲಿ ಕಂಡೊಡನೆ ಲೇಖಕರಿಗೂ ವರದಿ ಬರೆದವರು ಯಾರೆಂದು ಗೊತ್ತಾಗುತ್ತದೆ. ಆ ಮಹತ್ವದ ಕೃತಿ ಅವರದೇ.

ನಿಜವಾಗಿ ಹೆಸರು ಮುಚ್ಚಿಟ್ಟು ಪರೀಕ್ಷೆ ಗೆದ್ದವನು ನಮ್ಮ ಕಡೆಯ ಒಬ್ಬ ಡ್ರಿಲ್ ಮಾಸ್ತರ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯದಿಂದ ತೀರಿಕೊಂಡವನು. ಉಡುಪಿಯಲ್ಲಿ, ಕೆಲಕಾಲ ಕುಂದಾಪುರದಲ್ಲಿ ಮಕ್ಕಳಿಗೆ ಕವಾಯತು ಕಲಿಸುತ್ತಿದ್ದವನು. ಆ ಕಾಲದಲ್ಲಿ ಮೈಸೂರಿನಿಂದ ಕಾವ್ಯಮಂಜರಿ, ಆಮೇಲೆ ಕಾವ್ಯಕಲಾನಿಧಿ ಎಂಬ ಮಾಲೆಗಳು ಹೊರಡುತ್ತಿದ್ದವು. ಹಳಗನ್ನಡ ಕಾವ್ಯಗಳನ್ನು ಓಲೆಗರಿಯಿಂದ ಎತ್ತಿ ಅಚ್ಚು ಮಾಡುವುದು ಅವುಗಳ ಕೆಲಸ. ಮುದ್ದಣ ತಾನೇ ಬರೆದುದನ್ನು ಯಾವನೋ ಹಳೆಯ ಕವಿಯದು, ತನಗೆ ಸಿಕ್ಕಿದ್ದು ಎಂಬ ಹಾಗೆ ಅಲ್ಲಿಗೆ ಕಳಿಸಿದ. ಮೈಸೂರಿನ ಪಂಡಿತರು ಒಪ್ಪಿ ಅಚ್ಚು ಹಾಕಿದರು. ಕವಿ ಬದುಕಿದ್ದಾನೆ, ಉಡುಪಿಯ ಶಾಲೆಯ ಅಂಗಳದಲ್ಲಿ ಎಡಗಾಲು ಬಲಗಾಲು ಹೇಳಿಕೊಡುತ್ತಿದ್ದಾನೆ ಎಂದು ಗೊತ್ತಿದ್ದರೆ ಅದೇ ಗೌರವದಿಂದ ಓದುತ್ತಿದ್ದರೇ? ನನಗೆ ಸಂಶಯ. ಸತ್ತವರ ಹಸ್ತಪ್ರತಿಗೆ ಸಮಿತಿಗಳಲ್ಲಿ ಯಾವತ್ತೂ ಒಂದು ತೂಕ ಹೆಚ್ಚು.

ಅದೇ ಮುದ್ದಣನ ರಾಮಾಶ್ವಮೇಧದಲ್ಲಿ ಕನ್ನಡದ ಅತ್ಯುತ್ತಮ ಪರಿಶೀಲಕಿಯೂ ಇದ್ದಾಳೆ. ಗಂಡ ಕಥೆ ಹೇಳಲು ಕೂತರೆ ಮನೋರಮೆ ಪದ್ಯ ಬೇಡ ಎನ್ನುತ್ತಾಳೆ, ಸಂಸ್ಕೃತ ಹೆಚ್ಚಾದರೆ ತಡೆದು ನಿಲ್ಲಿಸುತ್ತಾಳೆ, ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎನ್ನುತ್ತಾಳೆ. ಅವನು ತಿದ್ದಿಕೊಂಡು ಮುಂದುವರಿಯುತ್ತಾನೆ. ವರದಿ ತತ್‌ಕ್ಷಣ, ನಮೂನೆ ಇಲ್ಲ, ಗೌರವಧನವೂ ಇಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈ ಏರ್ಪಾಡು ಇಂದಿಗೂ ಇದೆ, ಗಂಡಂದಿರು ಕೇಳುವುದಿಲ್ಲ ಅಷ್ಟೆ. ಮಾಸ್ತರ್ರ ಮನೆಯಲ್ಲೂ ಅಕ್ಕ, ಅಂದರೆ ಅವರ ಹೆಂಡತಿ, ದಿಬ್ಬಣದ ಅಧ್ಯಾಯದ ಬಗ್ಗೆ ಮೊದಲೇ ಹೇಳಿದ್ದರಂತೆ.

ಈ ಸಮಿತಿಗಳ ತೀರ್ಮಾನವೇ ಕೊನೆಯ ಮಾತೇ ಎಂದು ಕೇಳಿದರೆ ನಾನು ಎರಡು ಪುಸ್ತಕಗಳನ್ನು ತೋರಿಸುತ್ತೇನೆ. ಶಾಸನತಜ್ಞ ಕೆ.ವಿ. ರಮೇಶ್ ಅವರು ಇಂಗ್ಲಿಷಿನಲ್ಲಿ ಬರೆದ ದಕ್ಷಿಣ ಕನ್ನಡದ ಚರಿತ್ರೆಯನ್ನು 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಪ್ರಕಟಿಸಿತು. ಆಳುಪರ ಕಾಲದಿಂದ ಹಿಡಿದು ಬಾರಕೂರಿನ ವೈಭವದವರೆಗೆ ಶಾಸನದ ಆಧಾರವಿಲ್ಲದೆ ಒಂದು ಹೆಜ್ಜೆ ಇಡದ ಪುಸ್ತಕ. ಐದು ವರ್ಷದ ಮೇಲೆ, 1975ರಲ್ಲಿ, ಬ್ರಹ್ಮಾವರದಿಂದ ಹೊಳೆಯಾಚೆಗಿರುವ ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಪಾದೂರು ಗುರುರಾಜ ಭಟ್ಟರು ತುಳುವ ಚರಿತ್ರೆ ಮತ್ತು ಸಂಸ್ಕೃತಿಯ ಬಗ್ಗೆ ಇಂಗ್ಲಿಷಿನಲ್ಲಿ ಬೃಹತ್ ಗ್ರಂಥವೊಂದನ್ನು ತಂದರು. ಪ್ರಕಾಶಕರ ಜಾಗದಲ್ಲಿ ಅವರದೇ ಹೆಸರು. ಊರೂರು ಸುತ್ತಿ, ಪಾಳುಬಿದ್ದ ದೇವಸ್ಥಾನಗಳ ಗರ್ಭಗುಡಿಗೆ ತಲೆ ಹಾಕಿ, ಮೂರ್ತಿಗಳ ಫೋಟೋ ತೆಗೆದು, ಕಾಲ ನಿರ್ಣಯಿಸಿ ಬರೆದದ್ದು. ಈ ಕರಾವಳಿಯ ಮೇಲೆ ಪಿಎಚ್‌ಡಿ ಮಾಡುವ ಯಾವ ಹುಡುಗನೂ ಇವೆರಡನ್ನೂ ಮುಟ್ಟದೆ ಮುಂದೆ ಹೋಗಲಾರ. ಒಂದಕ್ಕೆ ವಿಶ್ವವಿದ್ಯಾಲಯದ ಮುದ್ರೆ, ಇನ್ನೊಂದಕ್ಕೆ ಮೇಷ್ಟರ ಕಿಸೆ. ಗ್ರಂಥಾಲಯದ ಕಪಾಟಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂತಿವೆ. ನನ್ನನ್ನು ಕೇಳಿದರೆ ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಹಕ್ಕು ಯಾರಿಗಾದರೂ ಇದ್ದರೆ ಅದು ಭಟ್ಟರಂಥವರಿಗೆ. ಪರಿಶೀಲಕರು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ತಾವೇ ಕೇಳಿಕೊಂಡು, ಉತ್ತರಕ್ಕಾಗಿ ಬಿಸಿಲಲ್ಲಿ ನಡೆದವರು ಅವರು.

ನಿಘಂಟುಗಳ ಕಥೆಯೂ ಹೀಗೆಯೇ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಬಂತು. ತುಳುವಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆಸರೆಯಾಯಿತು, ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಆರು ಸಂಪುಟ. ಬ್ರಹ್ಮಾವರದಿಂದ ಬಡಗಿಗೆ ಬೈಂದೂರಿನವರೆಗೆ ನಾವಾಡುವ ಕುಂದಾಪ್ರ ಕನ್ನಡಕ್ಕೆ ನಿಘಂಟು ಮಾಡಿದವರು ಯಾರು? ಗಂಗೊಳ್ಳಿಯಿಂದ ಹೊರಟು ಮುಂಬೈ ಸೇರಿದ ವ್ಯಂಗ್ಯಚಿತ್ರಕಾರ ಪಂಜು ಗಂಗೊಳ್ಳಿ. ಪ್ರಾಧ್ಯಾಪಕರಲ್ಲ, ಭಾಷಾವಿಜ್ಞಾನಿ ಅಲ್ಲ, ಗೆರೆ ಎಳೆಯುವವರು. ಇಂಥದ್ದನ್ನು ಯಾವ ಸಮಿತಿಯೂ ಮೊದಲೇ ಊಹಿಸಿ ಅರ್ಜಿ ಕರೆಯಲಾರದು. ಈಗ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕುಂದಾಪ್ರ ಕನ್ನಡಕ್ಕೊಂದು ಅಧ್ಯಯನ ಪೀಠವಿದೆ. ಆಸಾಡಿ ಅಮಾವಾಸ್ಯೆಗೆ ಕುಂದಾಪ್ರ ಕನ್ನಡ ದಿನವೂ ನಡೆಯುತ್ತದೆ. ಆ ದಿನದ ಭಾಷಣ ಮಾತ್ರ ಕೆಲವರು ಗ್ರಂಥಸ್ಥ ಕನ್ನಡದಲ್ಲೇ ಮಾಡುತ್ತಾರೆ.

ಕೋಟದ ಕಾರಂತರ ವಿಷಯ ತೆಗೆಯದಿದ್ದರೆ ಇಲ್ಲಿನ ಓದುಗರು ನನ್ನನ್ನು ಬಿಡುವುದಿಲ್ಲ. ಕಾಲೇಜನ್ನು ಅರ್ಧಕ್ಕೇ ಬಿಟ್ಟ ಮನುಷ್ಯ 1936ರಲ್ಲಿ ಮಕ್ಕಳಿಗಾಗಿ ಬಾಲಪ್ರಪಂಚದ ಮೂರು ಸಂಪುಟಗಳನ್ನು ಬರೆದು ಹೊರತಂದರು. ಭೂಮಿ, ಆಕಾಶ, ಪ್ರಾಣಿ, ಯಂತ್ರ, ಎಲ್ಲವೂ ಒಬ್ಬರದೇ ಕೈ. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟಿದ್ದರು. ‘ಲೇಖಕರ ವಿದ್ಯಾರ್ಹತೆ’ ಎಂಬ ಅಂಕಣವಿರುವ ಯಾವ ನಮೂನೆಯಲ್ಲೂ ಅವರು ಹಿಡಿಸುತ್ತಿರಲಿಲ್ಲ. ಆಮೇಲೆ 1970ರ ದಶಕದಲ್ಲಿ ಅವರ ಯಕ್ಷಗಾನದ ಗ್ರಂಥವನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯೇ ಪ್ರಕಟಿಸಿತು. ಅಷ್ಟರಲ್ಲಿ ಅವರ ಪುಸ್ತಕಕ್ಕೆ ಅಭಿಪ್ರಾಯ ಬರೆಯಲು ಯಾರನ್ನು ಕರೆಯುವುದು ಎಂಬುದೇ ಪ್ರಶ್ನೆಯಾಗಿದ್ದಿರಬೇಕು. ಕಾರಂತರ ಪ್ರಕಟಣೆಗೆ ತಿದ್ದುಪಡಿ ಸೂಚಿಸುವ ಧೈರ್ಯದ ಪ್ರಾಧ್ಯಾಪಕ ಆಗ ಇದ್ದಿದ್ದರೆ ಅವನ ಚರಿತ್ರೆಯನ್ನೇ ಒಂದು ಪುಸ್ತಕ ಮಾಡಬಹುದಿತ್ತು.

ಅಮೆರಿಕದಲ್ಲಿ ಜಾನ್ ಕೆನೆಡಿ ಟೂಲ್ ಎಂಬ ತರುಣನ ಕಾದಂಬರಿಯನ್ನು ದೊಡ್ಡ ಪ್ರಕಾಶಕರು ಒಪ್ಪಲಿಲ್ಲ. 1969ರಲ್ಲಿ ಅವನು ತೀರಿಕೊಂಡ. ತಾಯಿ ಬಿಡಲಿಲ್ಲ; ಮಸಿ ಹರಡಿದ ಕಾರ್ಬನ್ ಪ್ರತಿಯನ್ನು ಹಿಡಿದು ವಾಕರ್ ಪರ್ಸಿ ಎಂಬ ಸಾಹಿತಿಯ ಬೆನ್ನು ಬಿದ್ದರು. ಎರಡು ಪುಟ ಓದಿ ಚೆನ್ನಾಗಿಲ್ಲ ಎಂದು ಕೈತೊಳೆದುಕೊಳ್ಳುವ ಆಸೆಯಲ್ಲಿ ಅವರು ಓದತೊಡಗಿದರು, ನಿಲ್ಲಿಸಲು ಆಗಲಿಲ್ಲ. ಕೊನೆಗೆ ಲೂಯಿಸಿಯಾನಾ ರಾಜ್ಯ ವಿಶ್ವವಿದ್ಯಾಲಯದ ಪ್ರಕಾಶನ 1980ರಲ್ಲಿ ಎರಡೂವರೆ ಸಾವಿರ ಪ್ರತಿ ಅಚ್ಚು ಹಾಕಿತು. ಮರುವರ್ಷ ಪುಲಿಟ್ಜರ್ ಬಹುಮಾನ. ಲಾಭ ನೋಡುವವರು ಕೈಬಿಟ್ಟದ್ದನ್ನು ಎತ್ತಿಕೊಳ್ಳುವುದಕ್ಕೇ ವಿಶ್ವವಿದ್ಯಾಲಯಕ್ಕೆ ಜನರ ದುಡ್ಡು ಕೊಡುವುದು ಎಂದು ನಾನು ನಂಬಿದ್ದೇನೆ. ಮೈಸೂರಿನ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಯಾವ ವ್ಯಾಪಾರಿ ಮುಗಿಸುತ್ತಿದ್ದ? ಮೊದಲ ಸಂಪುಟ 1969ರಲ್ಲಿ, ಕೊನೆಯದು 2004ರಲ್ಲಿ.

ಆದರೆ ಒಂದು ದೂರು ಇದೆ. ಪ್ರಕಟಿಸುವ ತೀರ್ಮಾನಕ್ಕೆ ಇಷ್ಟೆಲ್ಲ ಶಾಸ್ತ್ರ ಇರುವಾಗ, ಮಾರುವ ತೀರ್ಮಾನಕ್ಕೆ ಏನೂ ಇಲ್ಲ. ವಿಶ್ವವಿದ್ಯಾಲಯದ ಪುಸ್ತಕ ಕುಂದಾಪುರದ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಮಾರಾಟ ಮಳಿಗೆ ಹುಡುಕಿಕೊಂಡು ಹೋದರೆ ಊಟದ ವಿರಾಮ. ವಿರಾಮ ಮುಗಿದರೆ, ಬೇಕಾದ ಪುಸ್ತಕ ‘ಪ್ರತಿಗಳು ಮುಗಿದಿವೆ’, ಬೇಡದ್ದು ಗೋದಾಮಿನ ತುಂಬ. ರಾಜ್ಯೋತ್ಸವಕ್ಕೆ ರಿಯಾಯಿತಿ ಹಾಕಿದಾಗ ಚೀಲ ತುಂಬಿಸಿಕೊಂಡು ಬರುವ ನಾವು ನಾಲ್ಕು ಜನ ಇರುವುದರಿಂದ ಗೆದ್ದಲಿಗೆ ಸ್ವಲ್ಪ ನಷ್ಟ. ಯಕ್ಷಗಾನ ಪ್ರಸಂಗಗಳನ್ನು ಅಚ್ಚು ಹಾಕಿದ ಉಡುಪಿಯ ಪಾವಂಜೆ ಗುರುರಾವ್ ಅವರ ಸಂಸ್ಥೆಗೆ ಸಮಿತಿ ಇದ್ದಿತೋ ಇಲ್ಲವೋ, ಅವರ ಪುಸ್ತಕ ಮಾತ್ರ ಭಾಗವತರ ಜೋಳಿಗೆಯಲ್ಲಿ ಘಟ್ಟ ಹತ್ತುತ್ತಿತ್ತು. ಅಲ್ಲಿ ಪರಿಶೀಲನೆ ಬೇರೆ ಬಗೆಯದು. ಪದ್ಯ ತಾಳಕ್ಕೆ ಕೂರದಿದ್ದರೆ ಭಾಗವತ ರಂಗಸ್ಥಳದಲ್ಲೇ ತಿದ್ದುತ್ತಾನೆ, ಪ್ರಸಂಗ ಏಳದಿದ್ದರೆ ಜನ ನಡುರಾತ್ರಿಯಲ್ಲೇ ಚಾಪೆ ಸುತ್ತುತ್ತಾರೆ.

ಮಾಸ್ತರ್ರು ಹಸ್ತಪ್ರತಿ ಕಳಿಸಿದರು. ಎಲ್ಲಿಗೆ ಎಂದು ಹೇಳುವುದಿಲ್ಲ. ಬಹಳ ಕಾಲ ಸುದ್ದಿಯಿಲ್ಲ. ಕೊನೆಗೆ ಒಂದು ಲಕೋಟೆ ಬಂತು, ಒಳಗೆ ಇಬ್ಬರ ಅಭಿಪ್ರಾಯ. ಮೊದಲನೆಯವರು ನಾಲ್ಕೇ ಸಾಲು ಬರೆದಿದ್ದರು: ಪ್ರಯತ್ನ ಸ್ತುತ್ಯರ್ಹ, ಭಾಷೆ ಸರಳ, ಕೆಲವೆಡೆ ಮುದ್ರಣ ದೋಷಗಳಿವೆ, ಪ್ರಕಟಿಸಬಹುದು. ಟೈಪ್ ಮಾಡಿಸದೆ ಕೈಯಲ್ಲೇ ಬರೆದ ಪ್ರತಿಯಲ್ಲಿ ಮುದ್ರಣ ದೋಷ ಎಲ್ಲಿಂದ ಬಂತು ಎಂದು ಮಾಸ್ತರ್ರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯವರದು ಏಳು ಪುಟ. ಹೊಳೆಯ ಆಚೆ ದಡದ ದೋಣಿಯವರ ಮನೆಗಳಿಗೆ ಲೇಖಕರು ಹೋದಂತೆ ಕಾಣುವುದಿಲ್ಲ. ಇಂತಿಂಥ ಎರಡು ಕಡವುಗಳ ಹೆಸರು ಅದಲುಬದಲಾಗಿದೆ. ದೋಣಿ ಹಾಕುತ್ತಿದ್ದವರ ಕೂಲಿಯ ಲೆಕ್ಕ ಇದೆ, ಅವರ ಮನೆಯ ಹೆಂಗಸರು ಏನು ಮಾಡುತ್ತಿದ್ದರು ಎಂಬುದು ಒಂದು ಕಡೆಯೂ ಇಲ್ಲ. ಮೂರನೆಯ ಅಧ್ಯಾಯವನ್ನು, ಅಂದರೆ ದಿಬ್ಬಣವನ್ನು, ಪೂರ್ತಿ ಕೈಬಿಡಬೇಕು.

‘ಮೂರ್ನೇ ಅಧ್ಯಾಯ ಬಿಟ್ರೆ ಪುಸ್ತಕದಲ್ ಎಂತ ಉಳಿತ್ ಮರಾಯ್ರೆ?’ ಎಂದು ಮಾಸ್ತರ್ರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ ಆ ಏಳು ಪುಟಗಳನ್ನು ಜೆರಾಕ್ಸ್ ಮಾಡಿಸಿ ತಂದರು. ‘ಅಲ್ಲ, ಇವ್ರ್ ಪೂರಾ ಓದಿರ್ ಕಾಣಿ’ ಎಂದರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಬೆರಗು ಜಾಸ್ತಿ ಇತ್ತು. ಊರಿನಲ್ಲಿ ಹಸ್ತಪ್ರತಿಯನ್ನು ಅವರು ತೋರಿಸಿದವರೆಲ್ಲ ಹೊಗಳಿದ್ದರು. ಎರಡು ಕಡವುಗಳ ಹೆಸರು ಅದಲುಬದಲಾದದ್ದು ಅವರಲ್ಲಿ ಯಾರಿಗೂ ಕಂಡಿರಲಿಲ್ಲ. ನನಗೂ.

ಈಗ ಮಾಸ್ತರ್ರು ಆಚೆ ದಡದ ಮನೆಗಳಿಗೆ ಹೋಗಿ ಬರುತ್ತಿದ್ದಾರೆ. ಹೆಂಗಸರನ್ನು ಮಾತಾಡಿಸಲು ಅಕ್ಕನೂ ಜೊತೆಗೆ. ಮೂರನೆಯ ಅಧ್ಯಾಯ ಹೋಗಿದೆ. ಅದನ್ನು ಪ್ರತ್ಯೇಕ ಲಲಿತ ಪ್ರಬಂಧವಾಗಿ ಪತ್ರಿಕೆಗೆ ಕಳಿಸುವ ಯೋಚನೆ ಇದೆಯಂತೆ, ಸಂಪಾದಕರು ಎಚ್ಚರದಿಂದಿರಬೇಕು. ಆ ಏಳು ಪುಟ ಬರೆದವರು ಯಾರೆಂದು ನಮಗೆ ಗೊತ್ತಿಲ್ಲ.

ಈ ಬರಹ ಓದುತ್ತಿರುವವರಲ್ಲಿ ಕೆಲವರಾದರೂ ಅಧ್ಯಾಪಕರಿರುತ್ತೀರಿ. ಯಾವುದೋ ಪ್ರಸಾರಾಂಗದಿಂದ ಬಂದ ಯಾರದೋ ಹಸ್ತಪ್ರತಿ ನಿಮ್ಮ ಮೇಜಿನ ಮೇಲೆ, ಮೌಲ್ಯಮಾಪನದ ಉತ್ತರ ಪತ್ರಿಕೆಗಳ ಅಡಿಯಲ್ಲಿ, ಕಳೆದ ಮಳೆಗಾಲದಿಂದ ಕೂತಿರಬಹುದು. ದಯವಿಟ್ಟು ಈ ವಾರ ತೆಗೆದು ಓದಿ. ಬೇಡ ಎನ್ನುವುದಾದರೆ ಯಾಕೆ ಬೇಡ ಎಂದು ಬರೆದು ಕಳಿಸಿ. ಬರೆದವರಿಗೆ ವಯಸ್ಸಾಗುತ್ತಿರುತ್ತದೆ.